ಹಿಂದುಮುಂದಾಗಿ ಲಾರಿ ಹತ್ತಿದ ಟ್ರ್ಯಾಕ್ಟರ್

ಗೆಳೆಯರೇ, ಒಂದು ಹಳೇ ಟ್ರ್ಯಾಕ್ಟರನ್ನು ಟ್ರೇಲರ್ ಲಾರಿಗೆ ಹತ್ತಿಸಲು ಇವತ್ತು ಹರಿಹರದಲ್ಲಿ ತಗುಲಿದ ಖರ್ಚು: ಎರಡು ತೆಂಗಿನಕಾಯಿ, ಎಂಟು ನಿಂಬೆಹಣ್ಣು, ಒಂದು ಹಾರ ಮತ್ತು ನನ್ನ ಒಂದು ಗಂಟೆ.

ಟ್ರ್ಯಾಕ್ಟರ್ ಕೊಂಡವನು ನಾನು. ಅದನ್ನು ಕುಕ್ಕುವಾಡದ ಹೊಲಕ್ಕೆ ಒಯ್ಯಬೇಕಿತ್ತು. ಅವ್ವ ಪೂಜೆ ಮುಗಿಸಿ, ನಾಲ್ಕೂ ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟಳು. ಅಷ್ಟರಲ್ಲಿ ಲಾರಿ ಡ್ರೈವರ್ ದಾದಾಪೀರ್ ಹಲಗೆ ಇಳಿಸಿ, "ರಿವರ್ಸ್‌ನಾಗೆ ಹತ್ತಿಸಬೇಕ್ರಿ. ಮುಂದಾಗಿ ಹತ್ತಿಸಿದ್ರೆ ಮೂತಿ ಮ್ಯಾಲೆದ್ದು ಮಗುಚಿಬಿಡ್ತೈತೆ" ಎಂದ.

"ಪೂಜೆ ಆದ ಗಾಡಿ ಮೊದಲಿಗೇ ಹಿಂದಕ್ಕೆ ಹೋಗೋದಾ? ಬ್ಯಾಡಪ್ಪ!" ಎಂದು ಅವ್ವ ಟ್ರ್ಯಾಕ್ಟರಿನ ಹಿಂದೆಯೇ ನಿಂತುಬಿಟ್ಟಳು.

"ಮಗುಚಿದ್ರೆ ಮ್ಯಾಲೆ ಕೂತಿರೋನು ನಾನು, ಅವ್ವಾರೆ!"

ಅವನಿಗೆ ಮೂರು ಗಂಟೆಗೆ ಇನ್ನೊಂದು ಬಾಡಿಗೆ. ಅವನು ಹೊರಟರೆ ಟ್ರ್ಯಾಕ್ಟರ್ ಹರಿಹರದಲ್ಲೇ ಉಳಿಯುತ್ತಿತ್ತು. ಹಾಗಾಗಿ ನಾನು ಇಬ್ಬರಿಗೂ "ಹೌದು ಹೌದು" ಎಂದೆ. ಇಬ್ಬರೂ ನನ್ನನ್ನೇ ಬೈದರು.

ಕೊನೆಗೆ ದಾದಾಪೀರನೇ ಮುಂದಿದ್ದ ಹಾರ ಬಿಚ್ಚಿ ಹಿಂದಿನ ಕೊಂಡಿಗೆ ಕಟ್ಟಿದ. "ಈಗ ಇದೇ ಮುಂದು. ಇಲ್ಲೊಂದು ಪೂಜೆ ಮಾಡ್ರಿ."

ಅವ್ವ ಕುಂಕುಮದ ಬಟ್ಟಲು ಎತ್ತಿಕೊಂಡು, "ಕುಂಕುಮ ಎಲ್ಲಿ ಹಚ್ಚಲಿ, ತೋರ್ಸು" ಎಂದಳು.

ಮತ್ತೊಂದು ಕಾಯಿ, ಮತ್ತೆ ನಾಲ್ಕು ನಿಂಬೆಹಣ್ಣು. ಎಲ್ಲರನ್ನೂ ದೂರ ಸರಿಸಿ, ದಾದಾಪೀರ್ ಟ್ರ್ಯಾಕ್ಟರನ್ನು ನಿಧಾನಕ್ಕೆ ಹಿಂದಾಗಿಯೇ ಹತ್ತಿಸಿ ಸರಪಳಿ ಬಿಗಿದ.

ಲೆಕ್ಕ ಇಷ್ಟು: ಅವ್ವನಿಗೆ ಎರಡು ಪೂಜೆಯ ಪುಣ್ಯ. ದಾದಾಪೀರನಿಗೆ ಬಾಡಿಗೆಯ ಜೊತೆ ಎರಡು ಹೋಳು ಕಾಯಿ. ಟ್ರ್ಯಾಕ್ಟರಿಗೆ ಎರಡು ಮುಖ. ನನಗೆ ಅವ್ವನ ಒಂದು ಮಾತು: "ನಿನಗಿಂತ ದಾದಾಪೀರಗೆ ಶಾಸ್ತ್ರ ಗೊತ್ತೈತೆ."