ಸೀಟು ತುಂಬಿಸುವ ಬಾಬಾಲಾಲ

ಸೋನ್ಯಾಳದ ಬಸ್‌ ಸ್ಟ್ಯಾಂಡಿನ ಎದುರು ಹೊಲಿಗೆ ಅಂಗಡಿ ಇಟ್ಟುಕೊಂಡ ಬಾಬಾಲಾಲನಿಗೆ ಇಲ್ಲ ಅನ್ನಲು ಬರುವುದಿಲ್ಲ. ಹಬ್ಬದ ಹಿಂದಿನ ದಿನ ಬಂದು ಜಂಪರು ಹೊಲಿದುಕೊಡು ಅಂದರೂ ಹೂಂ ಅನ್ನುವ ಪ್ರಾಣಿ. ಇದು ಊರಿಗೆಲ್ಲ ಗೊತ್ತು. ಜೀಪಿನ ಶಿವಪುತ್ರನಿಗಂತೂ ಚೆನ್ನಾಗಿಯೇ ಗೊತ್ತು. ಇಬ್ಬರೂ ಶಾಲೆಯಲ್ಲಿ ಜೊತೆಗೇ ಏಟು ತಿಂದವರು.

ಶಿವಪುತ್ರನದು ವಡಾಪ, ಅಂದರೆ ಸೀಟು ತುಂಬಿದ ಮೇಲೆ ತಾಲೂಕಿನ ಊರು ಜತ್ತಕ್ಕೆ ಬಿಡುವ ಜೀಪು. ನಮ್ಮ ಮಂದಿಯ ತಮಾಷೆ ನೋಡಿ: ಖಾಲಿ ಜೀಪಿಗೆ ಒಬ್ಬರೂ ಹತ್ತುವುದಿಲ್ಲ, ಅರ್ಧ ತುಂಬಿದ್ದು ಕಂಡರೆ ಓಡೋಡಿ ಬರುತ್ತಾರೆ. ಅದಕ್ಕೇ ದಿನಾ ಬೆಳಿಗ್ಗೆ ಶಿವಪುತ್ರ ಅಂಗಡಿಯ ಬಾಗಿಲಿಗೆ ಬರುತ್ತಿದ್ದ.

"ಬಾಬಾಲಾಲ, ಸ್ವಲ್ಪ ಬಂದ ಕುಂದ್ರೋ ಮಾರಾಯಾ. ಮಂದಿ ತುಂಬಿದ ಕೂಡ್ಲೆ ಇಳದ ಹೋಗೀಯಂತ."

ಕೊರಳಲ್ಲಿ ಟೇಪು, ತೊಡೆಯ ಮೇಲೊಂದು ಚೀಲ. ಬಾಬಾಲಾಲ ಊರಿಗೆ ಹೊರಟವನ ಹಾಗೆ ಕಿಟಕಿಗೆ ಕೂರುತ್ತಿದ್ದ. ಅವನನ್ನು ನೋಡಿ ಅಣ್ಣಾರಾಯ ಹತ್ತುವನು, ಅಣ್ಣಾರಾಯನನ್ನು ನೋಡಿ ಕಾಯಿಪಲ್ಯೆಯ ಬುಟ್ಟಿ ಹೊತ್ತ ಯಲ್ಲವ್ವ. ಜೀಪು ತುಂಬಿತೋ, "ಅಯ್ಯ, ಕತ್ರಿ ಮರತ್ನಲ್ಲ!" ಅಂತ ಇವನು ಇಳಿದುಬಿಡುವನು. ಎಲ್ಲರೂ ನಗುವರು. ಒಂದು ಕಪ್‌ ಚಹಾದ ದೋಸ್ತಿ, ಇದರಲ್ಲಿ ಏನು ತಪ್ಪು ಹೇಳಿ!

ಆ ವರ್ಷ ಮೋರಿ ಕಟ್ಟಲು ರಸ್ತೆ ಅಗೆದರು. ಸರ್ಕಾರಿ ಬಸ್ಸು ಸುತ್ತು ಹಾಕಿಕೊಂಡು ತಡವಾಗಿ ಬರತೊಡಗಿತು, ಜೀಪು ಮಾತ್ರ ಪಕ್ಕದ ಹೊಲ ಹಾದು ಹೋಗುತ್ತಿತ್ತು. ಆಗ ಜೀಪು ಹತ್ತಿದವರು ಮೋರಿ ಮುಗಿದ ಮೇಲೂ ಬಸ್ಸಿಗೆ ಮರಳಲಿಲ್ಲ. ಕೊನೆಗೆ ಬಸ್ಸು ಹತ್ತಲು ಉಳಿದವಳು ಬಾಬಾಲಾಲನ ಮಗಳು ನಾಹಿದ ಒಬ್ಬಳೇ. ಜತ್ತದ ಕಾಲೇಜಿನಲ್ಲಿ ಹನ್ನೊಂದನೇ ಸೈನ್ಸು, ಕೈಯಲ್ಲಿ ಪುಕ್ಕಟೆ ಪಾಸು, ನರ್ಸ್ ಆಗುವ ಆಸೆ. "ಅಬ್ಬಾ, ಇಡೀ ಬಸ್ಸ ನಂದ!" ಅಂತ ಅಪ್ಪನಿಗೆ ಹೇಳಿ ನಕ್ಕಳು. ಅಪ್ಪನೂ ನಕ್ಕ. ಪೆದ್ದ, ಅವತ್ತೇ ಹೆದರಬೇಕಿತ್ತು.

ದೀಪಾವಳಿ ಕಳೆದ ಮೇಲೆ ಬಸ್ಸು ನಿಂತಿತು. ಬಾಬಾಲಾಲ ಬಸ್‌ ಡಿಪೋಗೆ ಹೋದ. ಸಾಹೇಬರು ಒಳ್ಳೆಯವರೇ, ಕೂರಿಸಿ ನೀರು ಕೊಟ್ಟರು. "ಒಂದ ಹುಡುಗಿ ಸಲುವಾಗಿ ಬಸ್ಸ ಹ್ಯಾಂಗ ಬಿಡೂದ್ರಿ? ನಿಮ್ಮೂರ ಮಂದಿ ಹತ್ತಬೇಕಲ್ಲ?"

ಊರಿಗೆ ಬಂದು ಮನೆಮನೆ ತಿರುಗಿದ. ಎಲ್ಲರೂ ಮರುಗಿದರು. ಯಲ್ಲವ್ವ ಅಂದಳು, "ಎಲ್ಲಾರೂ ಜೀಪ ಹತ್ತತಿದ್ರು, ನಾ ಒಬ್ಬಾಕಿ ನಿಂತ ಏನ ಮಾಡ್ಲೋ ತಮ್ಮಾ? ಹೋಗ್ಲಿ, ನೀನ ಎಲ್ಲಾರಕಿಂತ ಮೊದಲ ಕುಂತಿರ್ತಿದ್ದಿ." ಚುಚ್ಚಲು ಹೇಳಿದ್ದಲ್ಲ ಅದು, ಇದ್ದದ್ದನ್ನೇ ಹೇಳಿದಳು. ಜಗಳವಾಡೋಣವೆಂದರೆ ಯಾರ ಜೊತೆ?

"ನಾಹಿದ ನನ್ನ ಮಗಳಲ್ಲೇನೋ? ನನ್ನ ಜೀಪಿನ್ಯಾಗ ಪುಕ್ಕಟ ಬರಲಿ," ಅಂದ ಶಿವಪುತ್ರ. ಅಂದಂತೆ ನಡೆದುಕೊಂಡ ಕೂಡ. ಆದರೆ ಬಸ್ಸೇ ಬರದ ಸ್ಟ್ಯಾಂಡಿಗೆ ಮಂದಿ ಯಾಕೆ ಬಂದಾರು? ಕೆಲವರು ಮೋಟಾರ್‌ಸೈಕಲ್ ಕೊಂಡರು, ಉಳಿದವರು ಅವರ ಹಿಂದೆ ಕೂತರು. ಬಸ್ಸಿಗೆ ಕಾಯಲು ಬಂದವರಿಂದಲೇ ತನ್ನ ಜೀಪು ತುಂಬುತ್ತಿತ್ತೆಂದು ಶಿವಪುತ್ರನಿಗೆ ತಿಳಿದದ್ದೇ ಆಗ. ಕೆಲವು ದಿನ ಹುಡುಗಿ ಒಬ್ಬಳನ್ನೇ ಕೂರಿಸಿಕೊಂಡು ಹೋದ. ಆಮೇಲೆ ಮುಖ ತಪ್ಪಿಸಿ ಅಂದ, "ಡಿಸೇಲ ಗಿಟ್ಟವಲ್ದೋ ದೋಸ್ತ. ಮಂದಿ ಬರೂತನಕ ನಿಂದ್ರೂಣು." ನಿಂತರು. ನಿಂತಷ್ಟು ದಿನ ನಾಹಿದಳ ಕ್ಲಾಸು ತಪ್ಪಿತು. ಹಾಜರಿ ಕಡಿಮೆಯಾಯಿತು, ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಕಾಲೇಜಿನಿಂದ ಫೋನು ಬಂತು.

ಮರುದಿನ ಬೆಳಿಗ್ಗೆಯೂ ಬಾಬಾಲಾಲ ಕಿಟಕಿಗೆ ಕೂತ. ಪಕ್ಕದಲ್ಲಿ ನಾಹಿದ. "ಜತ್ತ, ಜತ್ತ!" ಎಂದು ಶಿವಪುತ್ರ ಖಾಲಿ ರಸ್ತೆಗೆ ಕೂಗುತ್ತಿದ್ದ. ಅಣ್ಣಾರಾಯ ಮೋಟಾರ್‌ಸೈಕಲ್ ಮೇಲೆ ಯಲ್ಲವ್ವನನ್ನು ಕೂರಿಸಿಕೊಂಡು ಹೋದ, ಹೋಗುತ್ತ ಕೈಯನ್ನೂ ಎತ್ತಿದ. ಬಿಸಿಲು ಸೀಟಿನವರೆಗೆ ಬಂದಾಗ ನಾಹಿದ ಇಳಿದಳು. ರಸ್ತೆ ದಾಟಿ ಅಂಗಡಿಗೆ ಹೋಗಿ, ಕಾಲೇಜಿನ ಚೀಲವನ್ನು ಮೊಳೆಗೆ ತೂಗುಹಾಕಿ, ಅರ್ಧ ಉಳಿದಿದ್ದ ಜಂಪರನ್ನು ಮಷಿನ್ನಿಗೆ ಹಚ್ಚಿದಳು.

ಬಾಬಾಲಾಲ ದಡಬಡಿಸಿ ಏಳಹೋದ.

"ನೀ ಇಳೀಬ್ಯಾಡ ಅಬ್ಬಾ, ಕುಂದರು," ಎಂದಳು ಮಗಳು, ತಲೆ ಎತ್ತದೆ. "ನೀನೂ ಇಳದ್ರ ಕಾಕಾನ ಜೀಪ ಖಾಲಿ ಕಾಣ್ತದ."

ಬಾಬಾಲಾಲ ಕೂತ.