ಎಡಗಡೆಯಿಂದ ಓದಿದ ಹೀಬ್ರೂ

ನಾನು ವರ್ಷಗಟ್ಟಲೆ ಹೀಬ್ರೂ ವಾಕ್ಯಗಳನ್ನು ಹಿಂದುಮುಂದಾಗಿ ಓದಿ ಜನರ ಕಣ್ಣಲ್ಲಿ ನೀರು ತರಿಸಿದ್ದೇನೆ. ಅದು ಬರೀ ದಡ್ಡತನ. ಪಾಪ ಮಾಡಿದ್ದು ಆಮೇಲೆ — ಓದುವ ರೀತಿ ತಪ್ಪೆಂದು ಹೇಳಿದ ಹೆಣ್ಣುಮಗಳ ಬಾಯಿ ಮುಚ್ಚಿಸಿದೆ, ಆಕೆ ನಡೆಸುತ್ತಿದ್ದ ಪಾಠ ನಿಲ್ಲಿಸಿದೆ, ಆಕೆಯ ಮಾತೇ ಸರಿಯೆಂದು ಅದೇ ಸಂಜೆ ಗೊತ್ತಾದರೂ ಸುಮ್ಮನಿದ್ದೆ.

ನಾನು ಸಿಂದಗಿಯ ಹೈಸ್ಕೂಲ್ ಮಾಸ್ತರ. ಭಾನುವಾರ ನಮ್ಮ ಪುಟ್ಟ ಕ್ರೈಸ್ತ ಸಭೆಯಲ್ಲಿ ಪ್ರಸಂಗ ಮಾಡುವವನೂ ನಾನೇ. ಚಿಂತೆ ನನ್ನ ಕಾಯಂ ರೋಗ — ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್ಸಿನಿಂದ ಇಳಿದು ಮನೆಗೆ ಓಡಿದವನು ನಾನು. ಅಂಥವನ ಮೊಬೈಲಿಗೆ ಒಂದು ಆ್ಯಪ್ ಬಂತು. ಮೇಲಿನ ಸಾಲಿನಲ್ಲಿ ಮೂಲ ವಾಕ್ಯ, ಅದರ ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಪ್ರತಿ ಪದದ ಉಚ್ಚಾರ, ಅದರ ಕೆಳಗೆ ಪದಪದಕ್ಕೂ ಅರ್ಥ. ಮೊದಲು ಹಿಡಿದದ್ದು ಹೊಸ ಒಡಂಬಡಿಕೆಯ ಗ್ರೀಕ್. ಅದು ಕನ್ನಡದಂತೆ ಎಡದಿಂದ ಬಲಕ್ಕೆ ಹೋಗುತ್ತದೆ. ಅದೇ ಗುಂಗಿನಲ್ಲಿ ಹಳೇ ಒಡಂಬಡಿಕೆಯ ಹೀಬ್ರೂಗೂ ಕೈ ಹಾಕಿದೆ. ಹೀಬ್ರೂ ಬಲದಿಂದ ಎಡಕ್ಕೆ ಹೋಗುವ ಭಾಷೆ. ನಾನು ಎಡಗಡೆಯ ಪದ ಹಿಡಿದು ಹೊರಟೆ. ವಾಕ್ಯದ ಬಾಲ ಮೊದಲು, ತಲೆ ಕೊನೆಗೆ. ಅರ್ಥ ಗಡಿಬಿಡಿಯಾಗಿ ಕಂಡರೆ — ಇದೇ ಮೂಲಭಾಷೆಯ ಗಾಂಭೀರ್ಯ ಅಂದುಕೊಂಡೆ!

ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗುವುದು ಹೇಗೆ? ನಾನು ಓದುವಾಗ ಹೆಂಗಸರು ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದರು, ಗಂಡಸರು ಕಣ್ಣು ಮುಚ್ಚುತ್ತಿದ್ದರು. ಆಮೇಲಾಮೇಲೆ ಅದೇ ಪದ್ಧತಿಯಾಯಿತು. ಹೊಸ ಮನೆಗೆ, ಕೂಸಿನ ಹೆಸರಿಡುವುದಕ್ಕೆ, ಹೊಸ ಬೋರ್‌ವೆಲ್‌ಗೆ ಸಹ — "ಸರ, ಮೂಲದಾಗ ಒಂದ್ ವಾಕ್ಯ ಓದಿ ಹೋಗ್ರಿ" ಎಂಬ ಕರೆ. ಆಲಮೇಲದಿಂದ ನಾಲತವಾಡದವರೆಗೆ ನಾನು ಪಂಡಿತನಾದೆ.

ಇಂಡಿಯಲ್ಲಿ ಸುನಂದಾ ಟೀಚರ್ ಇದ್ದರು. ಗಣಿತ ಕಲಿಸುವವರು. ಗುರುವಾರ ಸಂಜೆ ಸಭೆಯ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಇದೇ ಆ್ಯಪ್ ಹಿಡಿದು ಶಾಸ್ತ್ರಪಾಠ ಮಾಡುತ್ತಿದ್ದರು. ಒಮ್ಮೆ ಆ ಊರಿನ ಸಭೆಯಲ್ಲಿ ನಾನು ಓದಿ ಮುಗಿಸಿದಾಗ ಎದ್ದು ನಿಂತರು.

"ಸರ, ಒಂದ್ ಮಾತ್ರಿ. ಇದು ಬಲಗಡಿಂದ ಓದೂದಂತ. ಆ್ಯಪಿನಾಗ ಬರದಾರ. ನೀವು ಈ ಕಡಿಂದ ಓದಾಕತ್ತೀರಿ."

ಅದರಲ್ಲಿ ಕೊಂಕಿರಲಿಲ್ಲ. ಲೆಕ್ಕ ತಪ್ಪಿದ ಹುಡುಗನಿಗೆ ಹೇಳುವಷ್ಟೇ ಮೆತ್ತಗೆ ಹೇಳಿದ್ದರು. ನನ್ನ ಕಿವಿ ಕಾದವು. ನಾನು ಅಂದೆ — ಈ ಮಾತನ್ನು ಇವತ್ತು ಬರೆಯುವಾಗಲೂ ಕೈ ಹಿಂದೆ ಸರಿಯುತ್ತದೆ —

"ಟೀಚರ್, ಮೊಬೈಲ್ ಒತ್ತಿದವ್ರಿಗೆಲ್ಲಾ ಮೂಲಭಾಷಾ ಬರಂಗಿಲ್ರಿ. ಕಲ್ತವ್ರು ಓದ್ತೇವಿ. ನೀವು ಕೇಳ್ರಿ."

ಕಲಿತವನಂತೆ! ನಾನೂ ಒತ್ತಿದವನೇ.

ಅಷ್ಟಕ್ಕೇ ಬಿಡಲಿಲ್ಲ. ಆಕೆ ಮತ್ತೆ ಬಾಯಿ ತೆರೆದಾರೆಂಬ ಭಯ. ಇಂಡಿ ಸಭೆಯ ಹಿರಿಯ ಶಾಂತಪ್ಪ ಕಾಕಾನ ಹತ್ತಿರ ಹೋಗಿ, ಗುರುವಾರದ ಪಾಠದಲ್ಲಿ ಮೊಬೈಲ್ ಹೆಚ್ಚಾಗಿದೆ, ಭಕ್ತಿ ಕಡಿಮೆಯಾಗಿದೆ ಎಂದೆ. "ಮಾಸ್ತರ ಅಂದಮ್ಯಾಲ ಮುಗೀತು" ಎಂದ ಕಾಕಾ. ಪಾಠ ನಿಂತಿತು. ಅದೇ ಸಂಜೆ ಸಿಂದಗಿಗೆ ಬಂದು ಬಾಗಿಲು ಹಾಕಿಕೊಂಡು ಆ್ಯಪ್ ತೆರೆದು ಬಲಗಡೆಯಿಂದ ಓದಿದೆ. ಗಡಿಬಿಡಿಯೆಲ್ಲ ಹೋಗಿ ವಾಕ್ಯ ನೆಟ್ಟಗೆ ನಿಂತಿತು. ಎಷ್ಟು ಚಂದ ಇತ್ತು ಅಂದರೆ — ಖುಷಿಯಾಯಿತು. ಹೌದು, ಮೊದಲು ಆದದ್ದು ಖುಷಿ. ಆಮೇಲೆ ಹೆದರಿಕೆ. ನಾಚಿಕೆ ಬರಲು ವರ್ಷಗಳು ಬೇಕಾದವು.

ಅಂದಿನಿಂದ ಸದ್ದಿಲ್ಲದೆ ಸರಿಯಾಗಿ ಓದತೊಡಗಿದೆ. ಆಕೆ ಕಲಿಸಿದ್ದನ್ನು ನನ್ನದೆಂದು ನಡೆಸಿದೆ. ನಾನು ಇಂಡಿಯಲ್ಲಿ ಓದುವಾಗ ಆಕೆ ಬಂದು ಹಿಂದಿನ ಸಾಲಿನಲ್ಲಿ ಕೂತು ಎದ್ದು ಹೋಗುವರು. ಮೊಬೈಲ್ ಚೀಲದಿಂದ ಹೊರಗೆ ಬರುತ್ತಿರಲಿಲ್ಲ. ನನಗೋ ದಿಗಿಲು. ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಉದ್ದ ಗಡ್ಡದವರು ಯಾರೇ ಕಂಡರೂ, ಇವರಿಗೆ ಹೀಬ್ರೂ ಬಂದೀತೇನೋ ಎಂದು ಮುಖ ತಿರುಗಿಸುತ್ತಿದ್ದೆ.

ಈ ವರ್ಷ ಬಸವನ ಬಾಗೇವಾಡಿಯಲ್ಲಿ ಸುತ್ತಲ ನಾಲ್ಕು ತಾಲೂಕಿನ ಸಭೆಗಳವರು ಕೂಡಿದರು. ನನಗೆ ಸನ್ಮಾನ. ಶಾಲು ಹೊದಿಸಿದರು, ಮೈಕು ಕೊಟ್ಟರು. ಸುನಂದಾ ಟೀಚರ್ ಎದುರಿಗೇ ಇದ್ದರು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ಅವರೂ ತಟ್ಟುತ್ತಿದ್ದರು. ಅದನ್ನು ತಾಳಲಿಕ್ಕಾಗಲಿಲ್ಲ. ಶಾಲು ತೆಗೆದು ಕುರ್ಚಿಯ ಮೇಲಿಟ್ಟೆ. ನನಗೆ ಹೀಬ್ರೂ ಬರುವುದೇ ಇಲ್ಲ, ಮೊದಲು ಉಲ್ಟಾ ಓದುತ್ತಿದ್ದೆ, ಟೀಚರ್ ತಿದ್ದಿದರು, ಅದಕ್ಕೇ ಅವರ ಪಾಠ ಬಂದ್ ಮಾಡಿಸಿದೆ — ಎಲ್ಲವನ್ನೂ ಹೇಳಿಬಿಟ್ಟೆ.

ಮೊದಲು ಕೇಳಿದ್ದು ಶಾಂತಪ್ಪ ಕಾಕಾನ ದನಿ:

"ಹಂಗಾರ ಮಾಸ್ತರ, ನನ್ನ ಹೊಸ ಮನ್ಯಾಗ ಓದಿದ್ದು? ನಾ ಹಿಂಬಾಗಿಲದಿಂದ ಹೊಕ್ಕಂಗಾತಲ್ಲೋ!"

ನಕ್ಕರು. ಎಲ್ಲರೂ, ಹೊಟ್ಟೆ ಹಿಡಿದುಕೊಂಡು. ನಾನೂ ನಕ್ಕೆ — ಅಳುತ್ತಲೇ. ಟೀಚರ್ ನಗಲಿಲ್ಲ. ನೆಟ್ಟಗೆ ವೇದಿಕೆಗೆ ಬಂದರು.

"ನಂದು ತಪ್ಪಾತ್ರಿ ಟೀಚರ್. ಕ್ಷಮಾ ಮಾಡ್ರಿ" ಎಂದೆ.

"ಅದನ್ನ ಆಮ್ಯಾಲ ನೋಡೋಣ್ರಿ ಸರ. ಮೊದ್ಲ ನನ್ನ ಕ್ಲಾಸ್ ನನಗ ತಿರುಗಿ ಕೊಡ್ರಿ."

ಕಾಕಾ ಕೂತಲ್ಲಿಂದಲೇ ಕೈಯೆತ್ತಿದ. "ಕೊಟ್ಟೇವವ್ವಾ, ಇವತ್ತಿಂದನ. ಗಂಡಸರಿಗೂ ಕಲಿಸು."

"ಹಂಗಾರ ಎಲ್ಲಾರೂ ಮೊಬೈಲಿನಾಗ ಆ ಆ್ಯಪ್ ತಗೀರಿ, ಇಲ್ದವ್ರು ಬಾಜೂದವ್ರದು ನೋಡ್ರಿ. ಕಾಕಾ, ನೀವೂ. ಬಟ್ಟು ಬಲಗಡಿ ಇಡ್ರಿ."

ಟೀಚರ್ ಒಂದೊಂದೇ ಪದ ಓದಿದರು, ಹಾಲ್ ಅವರ ಹಿಂದೆ ಹಿಂದೆ ಓದಿತು. ಮುದ್ದೇಬಿಹಾಳದ ಮುದುಕಿಯರು, ಇಂಡಿಯ ನಿಂಬೆ ವ್ಯಾಪಾರಿಗಳು, ಎಲ್ಲರ ಬೆರಳೂ ಒಂದೇ ದಿಕ್ಕಿಗೆ ಸರಿಯಿತು. ಯಾರೂ ಕಣ್ಣು ಮುಚ್ಚಲಿಲ್ಲ. ವಾಕ್ಯ ಮುಗಿದಾಗ ಎದ್ದ ಕೂಗು ರಸ್ತೆಗೆ ಕೇಳಿಸಿರಬೇಕು. ನನ್ನ ಮಾನ ಹೋದ ದಿನ ಅದು. ಅದಕ್ಕಿಂತ ದೊಡ್ಡ ಗೆಲುವಿನ ದಿನ ನನ್ನ ಬಾಳಿನಲ್ಲಿಲ್ಲ. ಆ ಗೆಲುವು ನನ್ನದಾಗಿರಲಿಲ್ಲ ಎಂಬುದೂ ಗೊತ್ತು.

ಈಗ ಗುರುವಾರ ಶಾಲೆ ಬಿಟ್ಟ ಕೂಡಲೇ ಟೀಚರ್ ಹತ್ತಿರ ಹೀಬ್ರೂ ಅಕ್ಷರ ಕಲಿಯಲು ಇಂಡಿ ಬಸ್ ಹಿಡಿಯುತ್ತೇನೆ. ಮೊನ್ನೆ ಟೀಚರ್ ನನ್ನ ಮೊಬೈಲಿನ ಮೇಲೆ ಕೈಯಿಟ್ಟು ಉಚ್ಚಾರ, ಅರ್ಥ ಎರಡನ್ನೂ ಮುಚ್ಚಿದರು. ಬರೀ ಹೀಬ್ರೂ ಅಕ್ಷರ ಉಳಿದವು. ಬೆವರುತ್ತ, ತಡವರಿಸುತ್ತ ಒಂದು ಇಡೀ ಸಾಲು ಓದಿದೆ. ಹೆಣ್ಣುಮಕ್ಕಳು ಹೋ ಎಂದು ಚಪ್ಪಾಳೆ ಹೊಡೆದರು.

ಕ್ಷಮಿಸಿದ್ದೇನೆಂದು ಟೀಚರ್ ಇನ್ನೂ ಹೇಳಿಲ್ಲ. ನಾನು ಮತ್ತೆ ಕೇಳಿಲ್ಲ, ಕೇಳುವುದೂ ಇಲ್ಲ.

"ಎರಡನೇ ಪದ ತಪ್ಪೈತ್ರಿ ಸರ" ಎಂದರು. "ಇನ್ನೊಮ್ಮೆ ಓದ್ರಿ."

ಓದಿದೆ.