ಸುತ್ತ ನೀರಿಲ್ಲದ ಚರ್ಚು

ಕಾರು ಮಾರುವುದೆಂದು ತೀರ್ಮಾನವಾದ ಮೇಲೆ, ಕೊಳ್ಳುವವರಿಗೆ ತೋರಿಸುವ ಮುಂಚೆ ಒಮ್ಮೆ ಚೆನ್ನಾಗಿ ತೊಳೆಸೋಣವೆಂದು ಕಳೆದ ವಾರ ವಾಟರ್ ಸರ್ವಿಸ್‌ಗೆ ಬಿಟ್ಟಿದ್ದೆ. ಹಿಂದಿನ ಸೀಟು ಬಿಚ್ಚಿದವನು "ಮೇಡಂ, ಇಲ್ಲ್ ನೋಡಿ, ಮರಳು" ಎಂದು ಕರೆದ. ಒಂದು ಹಿಡಿಯಷ್ಟು ಇತ್ತು. ನಮ್ಮ ಕಡೆಯ ಒರಟು ಮರಳಲ್ಲ. ರಾಗಿ ಹಿಟ್ಟಿನಷ್ಟು ನುಣುಪು, ನಡುವೆ ಬಿಳಿ ಚಿಪ್ಪಿನ ಚೂರುಗಳು. ಮೂಗಿನ ಹತ್ತಿರ ಹಿಡಿದೆ. ಉಪ್ಪಿನ ವಾಸನೆ ಬಂತೋ, ಬಂದಂತೆ ನನಗೇ ಅನಿಸಿತೋ... ಅವನು "ಎಸೀಲಾ ಮೇಡಂ?" ಎಂದು ಕೇಳುತ್ತಿದ್ದ. ನಾನು ಸ್ಟುಡಿಯೋ ಮಾಮನನ್ನು ನೆನೆಯುತ್ತ ನಿಂತಿದ್ದೆ.

ಶ್ರೀನಿವಾಸಪುರದಲ್ಲಿ ಅವರ ಮನೆಯ ಗೋಡೆಗೆ ನಮ್ಮ ಮನೆಯ ಗೋಡೆ ಅಂಟಿಕೊಂಡಿತ್ತು. ಮುಂದಿನ ಕೋಣೆಯೇ ಸ್ಟುಡಿಯೋ. ಪಾಸ್‌ಪೋರ್ಟ್ ಸೈಜ್ ಫೋಟೋ, ನಾಮಕರಣ, ಸೀಮಂತ, ತೀರಿಕೊಂಡವರ ಫೋಟೋಕ್ಕೆ ಕೋಟು ತೊಡಿಸಿ ದೊಡ್ಡದು ಮಾಡಿಕೊಡುವುದು, ಇವೇ ಅವರ ಕೆಲಸ. ಊರಿಗೆಲ್ಲ ಅವರು ಮಾಮ. ಅವರ ಹೆಂಡತಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ಹಾಗಾಗಿ ಊರಿಗೆಲ್ಲ ಸಿಸ್ಟರಮ್ಮ. ಇಬ್ಬರನ್ನೂ ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ.

ಮಾಮ ಮುಳಬಾಗಿಲು ಕಡೆಯವರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಪ್ರಾರ್ಥನೆ ಎರಡರಲ್ಲೂ. ಸಿಸ್ಟರಮ್ಮ ಕರಾವಳಿಯವರು. ಉಡುಪಿ ದಾಟಿ ಇನ್ನೂ ಮೇಲಕ್ಕೆ, ಸಮುದ್ರದ ಅಂಚಿನಲ್ಲಿ ಅವರ ಊರು. ಕೋಲಾರದ ಆಸ್ಪತ್ರೆಯೊಂದಕ್ಕೆ ಕೆಲಸಕ್ಕೆಂದು ಬಂದವರು, ಗುರುತಿನ ಚೀಟಿಗೆ ಫೋಟೋ ತೆಗೆಸಿಕೊಳ್ಳಲು ಹೋಗಿ ಫೋಟೋ ತೆಗೆದವರನ್ನೇ ಮದುವೆಯಾದರು. ಅವರ ತಂದೆ ಒಪ್ಪಲಿಲ್ಲ. ಹುಡುಗನ ಚರ್ಚೇ ಬೇರೆ ಎಂದು ಬಾಗಿಲು ಹಾಕಿಕೊಂಡರಂತೆ. ಒಳಪಂಗಡದ ಜಗಳ ನಮ್ಮಲ್ಲಿ ಮಾತ್ರ ಎಂದುಕೊಂಡಿದ್ದ ನನಗೆ ಇದನ್ನು ಕೇಳಿ ಒಂದು ಥರ ಸಮಾಧಾನವೇ ಆಗಿತ್ತು. ಸಿಸ್ಟರಮ್ಮ ಮತ್ತೆ ಊರಿನ ಕಡೆ ತಲೆ ಹಾಕಲಿಲ್ಲ. ಆ ಊರನ್ನು ಮಾಮ ನೋಡಿರಲೇ ಇಲ್ಲ.

ಸಿಸ್ಟರಮ್ಮನ ಊರಿನಲ್ಲಿ ದಡದಿಂದ ಸ್ವಲ್ಪ ಒಳಗೆ, ಸಮುದ್ರದಲ್ಲೇ ಒಂದು ಬಂಡೆ. ಬಂಡೆಯ ಮೇಲೆ ಹಳೆಯ ಚರ್ಚು. ಅವರು ಅದನ್ನು ಇಗರ್ಜಿ ಎನ್ನುತ್ತಿದ್ದರು. ಬಿಳಿ ಗೋಡೆ, ಒಂದೇ ಗಂಟೆ, ಸುತ್ತ ನೀರು. ಮಾಮ ನಮ್ಮ ಜಿಲ್ಲೆಯ ಹಳೆಯ ಚರ್ಚುಗಳ ಫೋಟೋ ತೆಗೆಯುವ ಹುಚ್ಚು ಹತ್ತಿಸಿಕೊಂಡದ್ದು ಆ ಇಗರ್ಜಿಯ ಸುದ್ದಿ ಕೇಳಿ ಕೇಳಿಯೇ ಇರಬೇಕು. ಭಾನುವಾರ ಬಂತೆಂದರೆ ಕ್ಯಾಮೆರಾ ಹೊತ್ತು ಹೊರಡುವರು. ಸ್ಕೂಟರ್ ಓಡಿಸಲು ಕಣ್ಣು ಸರಿಬರದಾದ ಮೇಲೆ ಆ ಭಾರ ನನ್ನ ಕಾರಿನ ಮೇಲೆ ಬಿತ್ತು. ವಾರವೆಲ್ಲ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ಗಂಟಲು ಒಣಗಿಸಿಕೊಂಡವಳಿಗೆ ಭಾನುವಾರವೂ ಬಿಡುವಿಲ್ಲ. ಗೊಣಗಿಕೊಂಡೇ ಹೋಗುತ್ತಿದ್ದೆ. ಹೋದ ಮೇಲೆ ಇಷ್ಟವಾಗುತ್ತಿತ್ತು, ಅದೂ ನಿಜ.

ಮಾಲೂರು ಕಡೆಯ ಒಂದು ಚರ್ಚಿನಲ್ಲಿ ಹುಣಸೆ ಮರಕ್ಕೆ ಗಂಟೆ ಕಟ್ಟಿದ್ದರು. ಮುಳಬಾಗಿಲಿನದಕ್ಕೆ ಬೆನ್ನ ಹಿಂದೆ ಬಂಡೆಯ ಗುಡ್ಡ. ಯಲ್ದೂರಿನ ಹತ್ತಿರ ಮಾವಿನ ತೋಪಿನೊಳಗೆ ಒಂದು ಪುಟ್ಟ ಪ್ರಾರ್ಥನಾ ಮನೆ. ಹೂ ಬಿಟ್ಟ ಕಾಲದಲ್ಲಿ ಅಲ್ಲಿ ಜೇನುಹುಳಗಳ ಸದ್ದಿನ ಮುಂದೆ ಪಾದ್ರಿಗಳ ಮಾತು ಕೇಳಿಸುತ್ತಿರಲಿಲ್ಲ. ಎಲ್ಲಿ ಹೋದರೂ ಮಾಮನದು ಒಂದೇ ಪದ್ಧತಿ. ನಮ್ಮ ಕಡೆ ಚರ್ಚಿಗೂ ಚಪ್ಪಲಿ ಬಿಟ್ಟೇ ಒಳಗೆ ಹೋಗುತ್ತಾರಲ್ಲ, ಆ ಚಪ್ಪಲಿ ಬಿಡುವ ಜಾಗದಲ್ಲಿ ನಿಂತು ಮೊದಲ ಫೋಟೋ. "ಜನ ನಿಂತ್ಕೊಂಡು ನೋಡೋದು ಇಲ್ಲಿಂದಾನೇ ಅಲ್ವೇನಮ್ಮಾ" ಎನ್ನುವರು. ಫ್ಲೆಕ್ಸ್ ಬ್ಯಾನರ್ ಅಡ್ಡವಿದ್ದರೆ ಮೇಸ್ತ್ರಿಯಂತೆ ಸೊಂಟಕ್ಕೆ ಕೈ ಇಟ್ಟು ನಿಲ್ಲುವರು, ಅದನ್ನು ತೆಗೆಯುವವರೆಗೂ ಕ್ಯಾಮೆರಾ ಚೀಲದಿಂದ ಹೊರಗೆ ಬರುತ್ತಿರಲಿಲ್ಲ. ಅಷ್ಟು ಹೊತ್ತು ನಾನು ಬಿಸಿಲಿನಲ್ಲಿ ಬೇಯಬೇಕು.

ಸಂಜೆ ಮನೆಗೆ ಬಂದು ಸಿಸ್ಟರಮ್ಮನಿಗೆ ತೋರಿಸುವರು. ಅವರು ಕನ್ನಡಕ ಏರಿಸಿಕೊಂಡು, ಒಂದೊಂದನ್ನೂ ನಿಧಾನವಾಗಿ ನೋಡಿ, ಕೊನೆಗೆ ಅದೇ ಮಾತು. "ಚಂದ ಉಂಟು. ಆದ್ರೆ ಸುತ್ತ ನೀರಿಲ್ಲ."

"ಕೋಲಾರದಲ್ಲಿ ಕುಡಿಯೋಕೇ ನೀರಿಲ್ಲ, ಚರ್ಚು ಸುತ್ತ ಎಲ್ಲಿಂದ ತರ‍್ಲಿ?" ಎಂದು ಮಾಮ ರೇಗುವರು. ಇಬ್ಬರೂ ನಗುವರು. ಎಷ್ಟೋ ವರ್ಷ ಹೀಗೇ ನಡೆಯಿತು.

ಆಮೇಲೆ ಸಿಸ್ಟರಮ್ಮನಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದರು. ಬೆಂಗಳೂರಿಗೆ ಓಡಾಡಿದ್ದಾಯಿತು. ಕೊನೆಗೆ ಡಾಕ್ಟರು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು. ನರ್ಸ್ ಆಗಿದ್ದವರಿಗೆ ಆ ಮಾತಿನ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ. ಅವರು ಒಂದು ದಿನ, ಗಂಜಿ ಕುಡಿಸುತ್ತಿದ್ದ ನನ್ನ ಹತ್ತಿರ, "ಇಗರ್ಜಿ ಒಂದ್ಸಲ ನೋಡ್ಬೇಕಿತ್ತು" ಎಂದರು. ಅಷ್ಟೇ. ಒಳಗಿನ ಕೋಣೆಯಲ್ಲಿದ್ದ ಮಾಮನಿಗೆ ಕೇಳಿಸಿತು.

ಮೊಬೈಲಿನಲ್ಲಿ ಹುಡುಕಿದೆ. ಸಿಕ್ಕಿದ್ದೆಲ್ಲ ಮದುವೆಗೆ ಮುಂಚೆ ಫೋಟೋ ತೆಗೆಸಿಕೊಳ್ಳುವ ಜೋಡಿಗಳು. ಅವರ ಭುಜದ ಹಿಂದೆ ಎಲ್ಲೋ ಒಂದು ಬಿಳಿ ಚುಕ್ಕೆ. ಮಾಮನಿಗೆ ಸಿಟ್ಟೇ ಬಂತು. "ಬೇರೆಯೋರು ತೆಗ್ದಿದ್ದು ಯಾಕಮ್ಮಾ ತೋರಿಸ್ಬೇಕು? ನಾನೇನು ಸತ್ತೋಗಿದ್ದೀನಾ?"

ಮಾಮನ ತಂಗಿಯನ್ನು ಸಿಸ್ಟರಮ್ಮನ ಹತ್ತಿರ ಬಿಟ್ಟು, ಯುಗಾದಿ ಕಳೆದ ಮೇಲೆ ಹೊರಟೆವು. ನಮ್ಮ ಯಜಮಾನರು ಬೈಯುತ್ತಲೇ ಟೈರಿಗೆ ಗಾಳಿ ತುಂಬಿಸಿ ಕೊಟ್ಟರು. ಬೆಳಕು ಹರಿಯುವ ಮುಂಚೆ ಹೊರಟವರು ಘಾಟಿ ಇಳಿದು, ಕತ್ತಲಾಗುವ ಹೊತ್ತಿಗೆ ಆ ಊರು ಸೇರಿ, ಒಂದು ಲಾಡ್ಜಿನಲ್ಲಿ ಉಳಿದೆವು. ದಾರಿಯುದ್ದಕ್ಕೂ ಮಾಮ ಕ್ಯಾಮೆರಾ ಚೀಲವನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದರು. ಇಗರ್ಜಿಯ ಫೋಟೋ ಕೈಯಲ್ಲಿ ಹಿಡಿದು, ಸಿಸ್ಟರಮ್ಮ ಕಣ್ಣು ಬಿಟ್ಟಿರುವಾಗಲೇ ಮನೆ ಸೇರಬೇಕು. ಮಾಮನಿಗೆ ಬೇರೆ ಚಿಂತೆಯಿರಲಿಲ್ಲ, ನನಗೂ ಇರಲಿಲ್ಲ.

ಬೆಳಿಗ್ಗೆ ತಿಂಡಿ ತಿಂದು ದಡಕ್ಕೆ ಹೋದೆವು. ಚರ್ಚು ಇತ್ತು. ಬಿಳಿ ಗೋಡೆ, ಒಂದೇ ಗಂಟೆ, ಎಲ್ಲ ಸಿಸ್ಟರಮ್ಮ ಹೇಳಿದಂತೆಯೇ. ನೀರು ಮಾತ್ರ ಇರಲಿಲ್ಲ.

ದಡದಿಂದ ಬಂಡೆಯವರೆಗೂ ಒದ್ದೆ ಮರಳು, ಕಲ್ಲು, ಪಾಚಿ. ಸಮುದ್ರ ಬಂಡೆಯಿಂದಲೂ ಆಚೆಗೆ, ಬೇಸಿಗೆಯಲ್ಲಿ ಕೆರೆ ಕಟ್ಟೆ ಬಿಟ್ಟು ನಡುವಿಗೆ ಸರಿದುಹೋಗುವ ಹಾಗೆ ಸರಿದುಹೋಗಿತ್ತು. ಮಾಮ ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ನಡೆದರು. ನಾನೂ ಸೀರೆ ಎತ್ತಿಕಟ್ಟಿ ಹಿಂದೆಯೇ ಹೋದೆ. ಬಂಡೆಯ ಬುಡದಲ್ಲಿ ಸೊಂಟದೆತ್ತರಕ್ಕೆ ಪಾಚಿಯ ಗೆರೆ. ಅವರು ಅದನ್ನು ಕೈಯಿಂದ ಮುಟ್ಟಿ ನೋಡಿದರು, ಕೆರೆಯ ತೂಬಿನ ಗುರುತು ನೋಡುವವರ ಹಾಗೆ.

"ಇಲ್ಲೀಗಂಟ ಇತ್ತು ನೋಡಮ್ಮಾ ನೀರು. ಇನ್ನೂ ಹಸಿ ಐತೆ. ಮೊನ್ನೆ ಮೊನ್ನೆ ಬತ್ತಿರೋದು. ಎಂಡಿಪೋಯಿಂದಿ, ಒಣಗೋಗೈತೆ."

ಅವರ ಮುಖ ನೋಡಲು ನನಗೆ ಆಗಲಿಲ್ಲ. ಉಬ್ಬರವಿಳಿತ ಎಂಬ ಪದ ನನಗೆ ಗೊತ್ತಿರಲಿಲ್ಲವೆಂದಲ್ಲ. ಹುಡುಗಿಯಾಗಿದ್ದಾಗ ಅದರ ಬಗ್ಗೆ ಟಿಪ್ಪಣಿ ಬರೆದು ಪಾಸಾದವಳೇ. ಆದರೆ ಪರೀಕ್ಷೆಗೆ ಬರೆದದ್ದು ಪರೀಕ್ಷೆಯಲ್ಲೇ ಉಳಿಯುತ್ತದೆ. ಕಣ್ಣೆದುರು ನೀರು ಹಿಂದೆ ಹೋದ ನೆಲ ಕಂಡಾಗ ಕೋಲಾರದವರಿಗೆ ಹೊಳೆಯುವುದು ಒಂದೇ: ಬತ್ತಿದೆ, ಇನ್ನು ಮಳೆಗಾಲಕ್ಕೇ.

ಕೇಳಲಿಲ್ಲವೇ ಎಂದರೆ, ಕೇಳಿದೆವು. ದಡದಲ್ಲಿ ಒಬ್ಬರು ಬಲೆಗೆ ಹೊಲಿಗೆ ಹಾಕುತ್ತ ಕೂತಿದ್ದರು. "ಇಲ್ಲಿ ನೀರು ಬರಲ್ವಾ?" ಎಂದು ಮಾಮ ವಿಚಾರಿಸಿದರು.

"ಬರ್ತದೆ" ಎಂದರು ಅವರು, ತಲೆ ಎತ್ತದೆ.

"ಯಾವಾಗ?"

"ಬರ್ತದೆ ಮಾರಾಯ್ರೆ. ಬರದೆ ಎಲ್ಲಿಗೆ ಹೋಗ್ತದೆ?"

ಮಾಮ ನನ್ನ ಕಡೆ ತಿರುಗಿ ಸಣ್ಣಗೆ ನಕ್ಕರು. ಆ ನಗುವಿನ ಅರ್ಥ ನಮ್ಮ ಜಿಲ್ಲೆಯವರಿಗೆ ಮಾತ್ರ ತಿಳಿಯುತ್ತದೆ. ನೀರು ಬರುತ್ತದೆ ಎಂದು ನಮಗೆ ಎಷ್ಟು ಪಕ್ಷದವರು ಹೇಳಿಲ್ಲ, ಎಷ್ಟು ಇಂಜಿನಿಯರುಗಳು ನಕ್ಷೆ ಬಿಡಿಸಿ ತೋರಿಸಿಲ್ಲ! ನಮ್ಮಪ್ಪ ಆ ಮಾತು ಕೇಳಿಯೇ ಮುದುಕರಾದರು. ನೀರು ಬರುತ್ತದೆ ಎಂದು ಯಾರಾದರೂ ಹೇಳಿದರೆ ತಲೆಯಾಡಿಸಿ ಮುಂದೆ ಹೋಗುವುದನ್ನು ನಾವು ಹುಟ್ಟಿದಾಗಿನಿಂದ ಕಲಿತಿದ್ದೇವೆ. ಹಾಗೆಯೇ ತಲೆಯಾಡಿಸಿ ಬಂದೆವು.

ಮಾಮ ಚಪ್ಪಲಿ ಬಿಟ್ಟ ಜಾಗಕ್ಕೆ ಮರಳಿ ಬಂದು, ಅಲ್ಲಿಂದ ಫೋಟೋ ತೆಗೆದರು. ಹೆಚ್ಚು ತೆಗೆಯಲಿಲ್ಲ. "ನಡಿಯಮ್ಮಾ, ಹೋಗಾಣ. ಆಯಮ್ಮ ಕಾಯ್ತಾ ಇರ್ತಾಳೆ" ಎಂದರು. ಬಿಸಿಲು ನೆತ್ತಿಗೇರುವ ಮುಂಚೆಯೇ ಕಾರು ಹತ್ತಿದೆವು. ಹಾಸನದಲ್ಲಿ ಮಲಗಿ, ಮರುದಿನ ಊರು ಸೇರಿದೆವು. ಇಷ್ಟು ದೂರ ಹೋಗಿ ಒಂದು ಬತ್ತಿದ ಸಮುದ್ರ ನೋಡಿ ಬಂದೆವಲ್ಲ ಎಂದು ನನಗೆ ದಾರಿಯೆಲ್ಲ ಅಳು ಬರುತ್ತಿತ್ತು. ಸ್ಟೇರಿಂಗ್ ಹಿಡಿದ ಕೈ ನೋಯುತ್ತಿತ್ತು. ಅವರನ್ನು ಸಮಾಧಾನ ಮಾಡುವಷ್ಟು ತ್ರಾಣವೂ ನನ್ನಲ್ಲಿ ಉಳಿದಿರಲಿಲ್ಲ.

ಮಾಮ ಫೋಟೋವನ್ನು ದೊಡ್ಡದಾಗಿ ಪ್ರಿಂಟು ಹಾಕಿ, ಸಿಸ್ಟರಮ್ಮನ ಕೈಗೆ ಕೊಡುವ ಮುಂಚೆಯೇ ತಪ್ಪೊಪ್ಪಿಕೊಳ್ಳುವವರ ಹಾಗೆ ಹೇಳಿದರು. "ನೀರು ಬತ್ತೋಗೈತೆ ಕಣೇ. ಮಳೆಗಾಲ ಆದ್ಮೇಲೆ ಇನ್ನೊಂದ್ಸಲ ಹೋಗ್ತೀನಿ."

ಸಿಸ್ಟರಮ್ಮ ಫೋಟೋ ನೋಡಿದರು. ಮಾಮನನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ನಗಲು ಶುರುಮಾಡಿದರು. ಹೊಟ್ಟೆ ಹಿಡಿದುಕೊಂಡು, ನೋವಾಗಿ ಮುಖ ಕಿವುಚಿ, ಮತ್ತೆ ನಕ್ಕರು. "ಅಯ್ಯೋ ಮಾರಾಯ್ರೆ... ಮಧ್ಯಾಹ್ನ ಆಗ್ಲಿಕ್ಕೆ ಬಿಟ್ಟಿದ್ರೆ ಬರ್ತಿತ್ತು! ದಿನಾ ಹೋಗ್ತದೆ, ದಿನಾ ಬರ್ತದೆ!"

ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಮಾಮ ಆ ಕ್ಷಣವೇ "ನಾಳೆ ಹೋಗ್ತೀನಿ, ಬಸ್ಸಲ್ಲಿ ಹೋಗ್ತೀನಿ" ಎಂದು ಚೀಲ ಹುಡುಕತೊಡಗಿದರು. ಸಿಸ್ಟರಮ್ಮನ ನಗು ನಿಂತಿತು. ಅವರು ಮಾಮನ ಅಂಗಿಯ ತುದಿ ಹಿಡಿದುಕೊಂಡರು.

"ಬೇಡ. ಇನ್ನೆಲ್ಲಿಗೂ ಹೋಗ್ಬೇಡಿ. ಇಲ್ಲೇ ಕೂತ್ಕೊಳ್ಳಿ."

ಮಾಮ ಕೂತರು. ಮತ್ತೆ ಏಳಲಿಲ್ಲ ಎಂದೇ ಹೇಳಬಹುದು. ಸ್ಟುಡಿಯೋ ಬಾಗಿಲು ತೆರೆಯಲಿಲ್ಲ. ಆ ಫೋಟೋ ಹಾಸಿಗೆಯ ಪಕ್ಕ ಗೋಡೆಗೆ ಒರಗಿಸಿಟ್ಟಿತ್ತು. ಸಿಸ್ಟರಮ್ಮ ದಿನವೂ ನನ್ನನ್ನು "ಇವತ್ತು ಯಾವ ತಿಥಿ?" ಎಂದು ಕೇಳುವರು. ಚರ್ಚಿಗೆ ಹೋಗುವವರಿಗೆ ತಿಥಿ ಯಾಕೆ ಎಂದುಕೊಂಡೇ ಕ್ಯಾಲೆಂಡರ್ ನೋಡಿ ಹೇಳುತ್ತಿದ್ದೆ. ಅವರೂರಿನಲ್ಲಿ ನೀರಿನ ಲೆಕ್ಕ ಚಂದ್ರನ ಮೇಲಂತೆ. ಅಮಾವಾಸ್ಯೆ, ಹುಣ್ಣಿಮೆ, ನಡುವಿನ ದಿನಗಳು, ಒಂದೊಂದಕ್ಕೂ ಒಂದೊಂದು ಹೊತ್ತು. ತಿಥಿ ಕೇಳಿ, ಕಣ್ಣು ಮುಚ್ಚಿ, ಬೆರಳು ಮಡಚಿ ಎಣಿಸುವರು. ಆಮೇಲೆ ಮಾಮನಿಗೆ ಹೇಳುವರು. ಈಗ ಮರಳಿನ ಮೇಲೆ ನೀರು ಹರಿದಿರುತ್ತದೆ. ಈಗ ನೀವು ಚಪ್ಪಲಿ ಬಿಟ್ಟ ಜಾಗ ಮುಳುಗಿತು. ಈಗ ಇಗರ್ಜಿಯ ಕೆಳಗಿನ ಮೆಟ್ಟಿಲು... ಅಪ್ಪ ಬೇಗ ಬೇಗ ಎಂದು ಕರೆಯುತ್ತಾರೆ, ಲಂಗ ಒದ್ದೆ...

ಮಾಮ ಆ ಫೋಟೋ ನೋಡುತ್ತಲೇ ಕೇಳಿಸಿಕೊಳ್ಳುವರು. "ಈಗ?" ಎಂದು ಮೆಲ್ಲಗೆ ಕೇಳುವರು. ಸಿಸ್ಟರಮ್ಮ ಹೇಳುವರು. ಶಾಲೆಯಿಂದ ಬಂದು ಚೀಲ ಕೂಡ ಇಳಿಸದೆ ನಾನು ಹೊಸ್ತಿಲ ಹತ್ತಿರ ಕೂತಿರುತ್ತಿದ್ದೆ. ಅಷ್ಟು ದಣಿದಿದ್ದರೂ ಎದ್ದು ಹೋಗಲು ಮನಸ್ಸಾಗುತ್ತಿರಲಿಲ್ಲ. ಬಿರುಬೇಸಿಗೆಯ ಶ್ರೀನಿವಾಸಪುರದಲ್ಲಿ, ಕರೆಂಟಿಲ್ಲದ ಆ ಕೋಣೆಯಲ್ಲಿ, ನಾನೂ ನೀರು ಏರುವುದನ್ನು ಕಂಡಿದ್ದೇನೆ.

ಮಳೆಗಾಲ ಶುರುವಾಗುವ ಮುಂಚೆ ಸಿಸ್ಟರಮ್ಮ ಹೋದರು. ಮಾಮ ಮತ್ತೆ ಕರಾವಳಿಗೆ ಹೋಗಲಿಲ್ಲ. ಚರ್ಚುಗಳ ಫೋಟೋ ತೆಗೆಯುವುದೂ ನಿಂತಿತು. ಹೋಗೋಣವೇ ಎಂದು ನಾನೇ ಕೇಳಿದರೆ, "ಯಾರಿಗೆ ತೋರ್ಸೋದಮ್ಮಾ?" ಎನ್ನುವರು. ಒಂದೆರಡು ವರ್ಷ ಹಾಗೇ ಇದ್ದು ಅವರೂ ತೀರಿಕೊಂಡರು. ಹೋಗುವ ಮುಂಚೆ ಆ ಫೋಟೋಕ್ಕೆ ಕಟ್ಟು ಹಾಕಿಸಿ, "ಇದು ನಿನ್ ಹತ್ರ ಇರ್ಲಿ" ಎಂದು ನನಗೆ ಕೊಟ್ಟಿದ್ದರು. ಸ್ಟುಡಿಯೋ ಇದ್ದ ಕಡೆ ಈಗ ಮೊಬೈಲ್ ರಿಪೇರಿ ಅಂಗಡಿ.

ಫೋಟೋ ನಮ್ಮ ಹಜಾರದಲ್ಲಿದೆ. ಮೊನ್ನೆ ಕಾರು ನೋಡಲು ಹೋಳೂರಿನಿಂದ ಬಂದ ಗಂಡ ಹೆಂಡತಿ ಕಾಫಿ ಕುಡಿಯುತ್ತ ಅದರ ಮುಂದೆ ನಿಂತರು. ಆಕೆ ಹತ್ತಿರ ಹೋಗಿ ನೋಡಿ, "ಯಾವ ಕೆರೆ ಅಕ್ಕಾ ಇದು, ಪಾಪ, ಹಿಂಗ್ ಬತ್ತೋಗೈತೆ?" ಎಂದು ಕೇಳಿದಳು. ಕೆರೆಯಲ್ಲ ಎಂದು ಹೇಳಲು ಬಾಯಿ ತೆರೆದೆ. ಎಲ್ಲಿಂದ ಶುರುಮಾಡುವುದು... ನನಗೆ ಈಗ ಅಷ್ಟು ಉಸಿರಿಲ್ಲ. ಹೊರಗೆ ಬಿಸಿಲು ಇಳಿಯುತ್ತಿತ್ತು. ಆ ಹೊತ್ತಿಗೆ ನೀರು ಎಲ್ಲಿಯವರೆಗೆ ಬಂದಿರಬಹುದು ಎಂದು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. "ದೂರದ್ದು ಕಣಮ್ಮಾ" ಎಂದಷ್ಟೇ ಹೇಳಿ, ಕಾರಿನ ಕೀಲಿ ಅವಳ ಗಂಡನ ಕೈಗೆ ಕೊಟ್ಟೆ.